ಪಡಸಾಲೆಯ ಸಾಹೇಬರ ಒಲೆ

ನಮ್ಮ ಮನೆಗೆ ಮೊದಲ ಸಲ ಬಂದವರಿಗೆ ನಾನು ನೀರು ಕೊಡುವುದಕ್ಕೂ ಮುಂಚೆ ಒಲೆ ತೋರಿಸುತ್ತಿದ್ದೆ. ಅಡುಗೆಮನೆಯ ಒಲೆಯಲ್ಲ, ಅಲ್ಲಿರುವುದು ಎಲ್ಲರ ಮನೆಯಲ್ಲಿರುವಂಥ ಗ್ಯಾಸ್. ನಾನು ತೋರಿಸುತ್ತಿದ್ದುದು ಪಡಸಾಲೆಯ ಒಲೆ. ಸಿನಿಮಾಗಳಲ್ಲಿ ಬಿಳಿಯರ ಮನೆಯ ಗೋಡೆಯೊಳಗೆ ಬೆಂಕಿ ಉರಿಯುತ್ತಿರುತ್ತದಲ್ಲ, ಅದರ ಮುಂದೆ ಒಂದು ನಾಯಿ ಮಲಗಿರುತ್ತದಲ್ಲ, ಅಂಥದು. ಎರಡು ಕಡೆ ಸಾಗವಾನಿಯ ಕಂಬ, ಕಂಬದ ತುಂಬ ದ್ರಾಕ್ಷಿ ಬಳ್ಳಿಯ ಕೆತ್ತನೆ, ಮೇಲೆ ಎರಡು ಗೇಣು ಅಗಲದ ಹಲಗೆ, ನಡುವೆ ಸೊಂಟದೆತ್ತರದ ಗೂಡು.

ಆ ಚೌಕಟ್ಟು ಈಗ ಹಿತ್ತಲಿನಲ್ಲಿದೆ. ನಿನ್ನೆ ಅದರ ಹಲಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಾಗ ಇದನ್ನೆಲ್ಲ ನಿಮ್ಮ ಮುಂದೆ ಹೇಳಿಬಿಡಬೇಕು ಅನ್ನಿಸಿತು.

ಜಮಖಂಡಿಯ ಚಳಿ ನಿಮಗೆ ಗೊತ್ತಿರಬಹುದು. ಸಂಕ್ರಾಂತಿಯ ಸುತ್ತಮುತ್ತ ನಾಲ್ಕು ದಿನ ಬಂದು, ನಾವು ಪೆಟ್ಟಿಗೆಯಿಂದ ಸ್ವೆಟರ್ ಹುಡುಕಿ ತೆಗೆಯುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ. ಅಂಥ ಊರಿನಲ್ಲಿ ಮೈ ಕಾಯಿಸಿಕೊಳ್ಳಲು ಗೋಡೆಯೊಳಗೊಂದು ಒಲೆ ಯಾಕೆ ಎಂದು ಬಂದವರು ಕೇಳುತ್ತಿದ್ದರು. ಕೇಳಲಿ ಎಂದೇ ನಾನು ಕಾಯುತ್ತಿದ್ದೆ. ಸಂಸ್ಥಾನದ ಕಾಲದಲ್ಲಿ ಈ ಮನೆಯಲ್ಲಿ ಒಬ್ಬ ಸಾಹೇಬರಿದ್ದರು, ಅವರ ಹೆಂಡತಿ ಯಾವುದೋ ಹಿಮ ಬೀಳುವ ದೇಶದವಳು, ಇಲ್ಲಿಯ ಸೊಳ್ಳೆ ಕಚ್ಚಿ ಚಳಿಜ್ವರ ಬಂದು ನಡುಗುತ್ತಿದ್ದಳು, ಅವಳಿಗಾಗಿ ಕಟ್ಟಿಸಿದ ಒಲೆ ಇದು ಎಂದು ಶುರುಮಾಡುತ್ತಿದ್ದೆ. ಮದುವೆಯಾದ ಮೊದಲ ವಾರದಲ್ಲಿ ನಮ್ಮ ಮನೆಯವರು ನನಗೆ ಹೇಳಿದ್ದು ಇಷ್ಟೇ. ಮುಂದೆ ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳಾದೆ. ಪಾಠ ಬೇಗ ಮುಗಿದ ದಿನ ಮಕ್ಕಳಿಗೆ ಆ ಬಾಯಿಯ, ಅಂದರೆ ಸಾಹೇಬರ ಹೆಂಡತಿಯ, ಕಥೆ ಹೇಳುತ್ತಿದ್ದೆ. ಮೂವತ್ತು ವರ್ಷದಲ್ಲಿ ಅವಳಿಗೆ ನೀಲಿ ಕಣ್ಣು ಕೊಟ್ಟೆ, ಒಂದು ಪಿಟೀಲು ಕೊಟ್ಟೆ, ನಿವೃತ್ತಿಯ ಹೊತ್ತಿಗೆ ಊರು ಬಿಟ್ಟು ಹೋಗುವಾಗ ಒಲೆಯ ಮುಂದೆ ನಿಂತು ಅತ್ತಳು ಎಂಬಲ್ಲಿಯವರೆಗೂ ತಂದಿದ್ದೆ. ಮಕ್ಕಳು ಉಸಿರು ಬಿಡದೆ ಕೇಳುತ್ತಿದ್ದರು.

ಒಂದು ಪ್ರಶ್ನೆ ಮಾತ್ರ ಹೊಸದರಲ್ಲಿ ನನಗೂ ಬಂದಿತ್ತು. ಹೊಗೆ ಎಲ್ಲಿಂದ ಹೊರಗೆ ಹೋಗುತ್ತಿತ್ತು? "ಮಳಿ ನೀರು ಇಳೀತೈತಿ ಅಂತ ಅಪ್ಪ ಮ್ಯಾಲ ಮುಚ್ಚಿಸಿದಾರ" ಎಂದಿದ್ದರು ಅವರು. ಆಮೇಲೆ ನಲವತ್ತು ವರ್ಷ ಅದೇ ಮಾಳಿಗೆಯ ಮೇಲೆ ಹಪ್ಪಳ ಒಣಗಿಸಿದೆ, ಸಂಡಿಗೆ ಇಟ್ಟೆ. ಮುಚ್ಚಿಸಿದ ಗುರುತು ಎಲ್ಲಿದೆ ಎಂದು ಒಂದು ದಿನವೂ ಹುಡುಕಲಿಲ್ಲ. ನಂಬುವುದರಲ್ಲಿ ನಾನು ಮೊದಲಿನಿಂದಲೂ ಜಾಣೆ.

ನಮ್ಮ ಮನೆಯವರು ಹೋಗಿ ನಾಲ್ಕು ವರ್ಷವಾಯಿತು. ಅವರಿಗೆ ಒಬ್ಬಳೇ ತಂಗಿ, ಕಸ್ತೂರಿ. ನಾನು ಸೊಸೆಯಾಗಿ ಬಂದಾಗ ಎರಡು ಜಡೆ ಹಾಕಿಕೊಂಡ ಹದಿಮೂರರ ಹುಡುಗಿ. ಮುಂದೆ ಅವಳನ್ನು ಸಾವಳಗಿಗೆ ಕೊಟ್ಟೆವು. ಮಕ್ಕಳಾಗಲಿಲ್ಲ. ಅಲ್ಲಿಯ ಒಂದು ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಹೋದ ವರ್ಷ ಅವಳ ಗಂಡನೂ ತೀರಿಕೊಂಡ. ಇಬ್ಬರೂ ಬೇರೆ ಬೇರೆ ಊರಿನಲ್ಲಿ ಒಬ್ಬೊಬ್ಬರಿಗೇ ಅನ್ನ ಮಾಡಿಕೊಂಡು ಉಣ್ಣುವುದು ಯಾಕೆ ಎಂದು ನಾನೇ ಕರೆದೆ. ಬಂದಳು. ಬರುವಾಗ ಒಂದು ಗಂಟು ಬಟ್ಟೆಯ ಜೊತೆಗೆ, ಊರಿನವರ ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಒಂದು ಕಬ್ಬಿಣದ ಒಲೆಯನ್ನೂ ತಂದಳು. ರೊಟ್ಟಿ ಬೇಯಿಸುವ ಎರಡು ಹಂಚು ಹಿಡಿಯುವಂಥದು, ಹಿಂಬದಿಗೆ ಹೊಗೆಯ ಕೊಳವೆ ಜೋಡಿಸಲು ಒಂದು ತೂತು. ಖಡಕ್ ರೊಟ್ಟಿ ಬಡಿದು ಮಾರಬೇಕೆಂಬುದು ಅವಳ ಆಸೆ.

"ಗ್ಯಾಸ್ ಮ್ಯಾಲ ಮಾಡಬಾರದೇನ?" ಎಂದೆ.

"ಮಾಡಬೌದ್ರಿ. ಬಾಯಾಗ ಇಟ್ಟರ ಹಿಟ್ಟು ಹಿಟ್ಟು ಹತ್ತತೈತಿ," ಎಂದಳು.

ಮೊದಲು ಹಿತ್ತಲಿನಲ್ಲಿ ಒಲೆ ಹೂಡಿದಳು. ಗಾಳಿ ಬಂದರೆ ಉರಿ ಒಂದು ಕಡೆ, ಹಂಚು ಒಂದು ಕಡೆ. ಹೊಗೆಯೆಲ್ಲ ಪಕ್ಕದ ಮನೆಯವರ ಒಗೆದ ಬಟ್ಟೆಗೆ. ಹದಿನೈದು ದಿನ ಹೀಗೆ ಒದ್ದಾಡಿ, ಒಂದು ಮಧ್ಯಾಹ್ನ ನಾನು ಪೇಪರ್ ಓದುತ್ತ ಕುಳಿತಾಗ ಹತ್ತಿರ ಬಂದಳು.

"ವೈನಿ, ಒಂದ ಮಾತು ಕೇಳಲೇನ್ರಿ?"

"ಕೇಳ."

"ಇಲ್ಲಿ ಈ ಗೂಡು ಸುಮ್ಮನ ಖಾಲಿ ಬಿದ್ದೈತಲ್ರಿ. ಕಟಿಗಿ ಚೌಕಟ್ಟು ತಗದರ ನನ್ನ ಒಲಿ ಬರೋಬ್ಬರಿ ಕೂಡತೈತಿ. ಬಾಗಲಾ ತಗದರ ಓಣಿ. ರೊಟ್ಟಿಗೆ ಬಂದವರು ಅಲ್ಲೇ ನಿಂತು ಒಯ್ತಾರ."

ನಾನು ಕನ್ನಡಕ ತೆಗೆದು ಅವಳನ್ನು ನೋಡಿದೆ. "ತಲಿ ನೆಟ್ಟಗೈತೇನ ನಿಂದು? ಅದು ಸಂಸ್ಥಾನದ ಕಾಲದ್ದು. ನಿಮ್ಮಣ್ಣ ಎಷ್ಟ ಜ್ವಾಕಿಂದ ಎಣ್ಣಿ ಹಚ್ಚಿ ಒರಸತಿದ್ದರು, ನೋಡಿಲ್ಲೇನು? ಇದು ಪಡಸಾಲಿ ಕಸ್ತೂರಿ, ಖಾನಾವಳಿ ಅಲ್ಲ."

ಅವಳು ಏನೋ ಹೇಳಲು ಬಾಯಿ ತೆರೆದಳು. ಚೌಕಟ್ಟಿನ ಕಡೆಗೊಮ್ಮೆ ನೋಡಿದಳು. "ಆತು ಬಿಡ್ರಿ," ಎಂದು ಒಳಗೆ ಹೋದಳು.

ಅವಳಿಗೆ ಹಾಗೆ ಹೇಳುವ ಹಕ್ಕು ನನಗಿತ್ತೇ ಎಂಬುದನ್ನು ತಿಳಿಯಲು ನೀವು ನನ್ನ ರೊಟ್ಟಿಯ ವಿಷಯ ಕೇಳಬೇಕು.

ನಾನು ಬನಹಟ್ಟಿಯ ನೇಕಾರರ ಮಗಳು. ನಮ್ಮ ಮನೆಯಲ್ಲಿ ಒಲೆಗೂ ಮಗ್ಗಕ್ಕೂ ನಡುವೆ ನಾಲ್ಕು ಹೆಜ್ಜೆ. ಅಪ್ಪ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದರೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬೆಳಿಗ್ಗೆ ಎಚ್ಚರವಾದಾಗ ಯಾವ ಸದ್ದು ಮಗ್ಗದ್ದು, ಯಾವುದು ರೊಟ್ಟಿಯದ್ದು ಎಂದು ಹಾಸಿಗೆಯಲ್ಲೇ ಮಲಗಿ ಬೇರ್ಪಡಿಸುವುದು ನನ್ನ ಆಟ. ವಾರಕ್ಕೊಮ್ಮೆ ಅದೇ ಒಲೆಯ ಮೇಲೆ ನೂಲಿಗೆ ಹಚ್ಚುವ ಗಂಜಿ ಕುದಿಯುತ್ತಿತ್ತು. ನನ್ನ ತಮ್ಮ ಒಂದು ಸಲ ಅದನ್ನು ಅಂಬಲಿ ಎಂದು ಎರಡು ಬಟ್ಟಲು ಕುಡಿದು, ಉಪ್ಪು ಕಡಿಮೆಯಾಗಿದೆ ಎಂದು ಅವ್ವನಿಗೆ ಬೈದಿದ್ದ. ನನ್ನ ಕೆಲಸ ಕಂಡಿಕೆ ಸುತ್ತುವುದು. ಬಲಗೈಯಲ್ಲಿ ರಾಟೆ, ಎಡಗೈಯಲ್ಲಿ ನೂಲಿನ ಎಳೆ, ತೊಡೆಯ ಮೇಲೆ ಪುಸ್ತಕ. "ರೊಟ್ಟಿ ಕಲಿ ಬಾರ ಬೇ, ನಾಳೆ ಕೊಟ್ಟ ಮನ್ಯಾಗ ಏನ ತಿನಸ್ತಿ?" ಎಂದು ಅವ್ವ ಕೂಗಿದಾಗಲೆಲ್ಲ ಅಪ್ಪ ಮಗ್ಗದೊಳಗಿಂದಲೇ, "ಬಿಡ, ಅಕಿ ಓದಾಕಿ," ಎನ್ನುತ್ತಿದ್ದರು. ಹಾಗೆ ಇಪ್ಪತ್ತೆರಡು ವರ್ಷ ಕಳೆದವು.

ಜಮಖಂಡಿಯವರು ನೋಡಲು ಬಂದರು. ವರ ತಲೆ ಎತ್ತದೆ, ಅಲ್ಲೇ ಬಿದ್ದಿದ್ದ ನನ್ನ ಪುಸ್ತಕ ತಿರುವಿ ಹಾಕುತ್ತ ಕುಳಿತಿದ್ದರು. ಆಮೇಲೆ ಅಪ್ಪ ನಮ್ಮ ದೊಡ್ಡಪ್ಪನನ್ನು ಕರೆದುಕೊಂಡು ಅವರ ಮನೆ ನೋಡಲು ಹೋದರು. ಬಂದ ದಿನ ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಕೇಳುವಂತೆ, "ಅವರ ಪಡಸಾಲ್ಯಾಗ ಸಾಹೇಬರ ಒಲಿ ಐತ್ರಪಾ! ಗ್ವಾಡ್ಯಾಗ! ನಮ್ಮ ಹುಡಗಿ ಅಂಥಾ ಮನಿಗೆ ಹೊಂಟಾಳ," ಎಂದರು. ಗಂಡಿನ ನೌಕರಿ ಏನು, ಹೊಲ ಎಷ್ಟು ಎಂದು ಯಾರೂ ಕೇಳಲಿಲ್ಲ. ಒಲೆಯ ಮೇಲೆ ನನ್ನ ಮದುವೆ ನಿಶ್ಚಯವಾಯಿತು.

ಮದುವೆಯಾಗಿ ಬಂದ ನಾಲ್ಕನೆಯ ದಿನ ಅತ್ತೆ ಹಿಟ್ಟಿನ ಡಬ್ಬಿ ಮುಂದಿಟ್ಟು, "ರೊಟ್ಟಿ ಬಡಿಯವಾ," ಎಂದು ಎಮ್ಮೆ ಹಿಂಡಲು ಹಿತ್ತಲಿಗೆ ಹೋದರು. ನಾನು ಬಡಿದದ್ದು ಹರಿಯಿತು. ಮತ್ತೆ ಬಡಿದೆ, ಮತ್ತೆ ಹರಿಯಿತು. ಮೂರನೆಯದು ಎತ್ತುವಾಗ ಅರ್ಧ ಕೈಗೆ ಬಂತು, ಅರ್ಧ ನೆಲದಲ್ಲೇ ಉಳಿಯಿತು. ಅಳು ಬಂದು ತಲೆ ಎತ್ತಿದರೆ ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು. ಒಳಗೆ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ ಕುಳಿತು, ಅತ್ತೆ ಹಾಲು ಹಿಂಡಿ ಬರುವಷ್ಟರಲ್ಲಿ ಹನ್ನೆರಡು ರೊಟ್ಟಿ ಬಡಿದು ಎದ್ದುಹೋದಳು. ಹಾಳೆಯಂಥ ರೊಟ್ಟಿ.

"ಯಾರಿಗೂ ಹೇಳಬ್ಯಾಡವಾ," ಎಂದು ಆ ಸಂಜೆ ಅವಳ ಕೈ ಹಿಡಿದು ಕೇಳಿಕೊಂಡೆ. ಗೋಣು ಹಾಕಿದಳು. ಅವಳ ಮದುವೆಯಾಗುವವರೆಗೆ, ಐದಾರು ವರ್ಷ, ದಿನವೂ ಇದೇ ನಡೆಯಿತು. ಅತ್ತೆ ಓಣಿಯ ಹೆಂಗಸರ ಮುಂದೆ "ನಮ್ಮ ಸೊಸಿ ರೊಟ್ಟಿ" ಎಂದು ಹೊಗಳುವಾಗ ಕಸ್ತೂರಿ ಅಲ್ಲೇ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿರುತ್ತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಅವಳು ಸಾವಳಗಿಗೆ ಹೋದ ಮೇಲೆ ನಮ್ಮ ಮನೆಯ ರೊಟ್ಟಿ ಇದ್ದಕ್ಕಿದ್ದಂತೆ ದಪ್ಪವಾಯಿತು. ಈ ವರ್ಷದ ಜೋಳವೇ ಸರಿಯಿಲ್ಲ ಎಂದು ಅತ್ತೆ ಜೋಳ ಮಾರಿದವನಿಗೆ ಬೈದರು.

ಅಂಥವಳಿಗೆ ನಾನು "ಖಾನಾವಳಿ ಅಲ್ಲ" ಎಂದಿದ್ದೆ.

ಹಾಗೆಂದ ಮೂರನೆಯ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದಾಗ ಕಸ್ತೂರಿಯ ಗಂಟು ಬಾಗಿಲ ಬಳಿ ಇತ್ತು. ಸಾವಳಗಿಯಲ್ಲಿ ಸ್ವಲ್ಪ ಕೆಲಸವಿದೆ, ಹೋಗಿ ಬರುತ್ತೇನೆ ಎಂದಳು. ಯಾವಾಗ ಬರುತ್ತಿ ಎಂದರೆ ನೋಡೋಣ್ರಿ ಎಂದಳು. ನಾನೂ ಬಿಗುಮಾನದಿಂದ, ಆಯಿತು, ಚಹಾ ಕುಡಿದು ಹೋಗು ಎಂದು ಅಡುಗೆಮನೆಗೆ ಹೋದೆ. ಅಲ್ಲಿ ರೊಟ್ಟಿಯ ಬುಟ್ಟಿಯ ಮೇಲೆ ಹೊಸ ಬಟ್ಟೆ ಮುಚ್ಚಿತ್ತು. ತೆಗೆದು ನೋಡಿದೆ. ಬಾಯಿಯ ತನಕ ಖಡಕ್ ರೊಟ್ಟಿ, ಹದಿನೈದು ದಿನ ಕೂತು ತಿಂದರೂ ಮುಗಿಯದಷ್ಟು. ಪಕ್ಕದಲ್ಲಿ ಅದಕ್ಕೆ ಹಚ್ಚಿಕೊಳ್ಳಲು ಒಂದು ಭರಣಿ ಶೇಂಗಾ ಹಿಂಡಿ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ಜಗತ್ತಿನಲ್ಲಿ ಗೊತ್ತಿದ್ದ ಒಬ್ಬಳೇ ಒಬ್ಬಳು, ಸಿಟ್ಟು ಮಾಡಿಕೊಂಡು ಹೋಗುವಾಗಲೂ ಅದನ್ನು ಮರೆತಿರಲಿಲ್ಲ.

ಚಹಾ ಮಾಡದೆ ಹೊರಗೆ ಬಂದೆ. ಗಂಟು ಎತ್ತಿ ಒಳಗಿಟ್ಟೆ. "ಗೌಂಡಿನ್ನ ಕರಸೂಣು. ಚೌಕಟ್ಟು ತಗಸೂಣು," ಎಂದೆ.

"ಬ್ಯಾಡ್ರಿ ವೈನಿ. ನಿಮ್ಮ ಮನಸಿನಾಗ ಇರಲಾರದ್ದು ಬ್ಯಾಡ."

"ಮನಸಿನಾಗ ಐತಿ. ಇಲ್ಲದಿದ್ದರೂ ಆಗತೈತಿ. ನೀ ಮೊದಲ ಚಪ್ಪಲ್ ಬಿಡ."

ಗೌಂಡಿ ಮೌಲಾಸಾಬರು ಮುಧೋಳದ ಕಡೆಯವರು, ವಯಸ್ಸಾದವರು, ಗೋಡೆಗೆ ಕೈ ಇಟ್ಟರೆ ಅದರ ಆಯುಷ್ಯ ಹೇಳುತ್ತಾರೆ ಎಂಬ ಹೆಸರು. ಅವರು ಬರುವ ದಿನ ಬೆಳಿಗ್ಗೆ ಹಲಗೆಯ ಮೇಲಿದ್ದ ಗಡಿಯಾರ, ಶಾಲೆಯಲ್ಲಿ ಕೊಟ್ಟ ನೆನಪಿನ ಕಾಣಿಕೆಗಳು, ಗಾಜಿನ ನವಿಲು ಎಲ್ಲವನ್ನೂ ಇಳಿಸಿದೆ. ಕಂಬಗಳನ್ನು ಕೊನೆಯ ಸಲ ಎಣ್ಣೆ ಹಚ್ಚಿ ಒರೆಸಿದೆ. ಆ ಬಾಯಿಯ ಕ್ಷಮೆಯನ್ನೂ ಕೇಳಿಕೊಂಡೆ ಎಂದರೆ ನೀವು ನಗುತ್ತೀರಿ. ಕೇಳಿಕೊಂಡದ್ದು ನಿಜ.

ಸಂಸ್ಥಾನದ ಕಾಲದ ಚೌಕಟ್ಟು ಕಿತ್ತು ಬರಲು ಇಡೀ ದಿನ ಬೇಕಾದೀತು ಎಂದುಕೊಂಡಿದ್ದೆ. ಮೌಲಾಸಾಬರು ನಾಲ್ಕು ಮೊಳೆ ಕಿತ್ತರು. ಬಂತು. ನಾನೂ ಕಸ್ತೂರಿಯೂ ಒಂದೊಂದು ಕಡೆ ಹಿಡಿದು ಗೋಡೆಗೆ ಒರಗಿಸಿದೆವು.

ಅವರು ಗೂಡಿನೊಳಗೆ ತಲೆ ಹಾಕಿದರು. ಕೈ ಮೇಲೆ ಚಾಚಿ ತಡಕಿದರು. ಹೊರಗೆ ಬಂದು ಅಂಗೈಯನ್ನು ನನ್ನ ಮುಂದೆ ಹಿಡಿದರು. ಬರೀ ಧೂಳು.

"ಮಸಿ ಇಲ್ರಿ ಅಕ್ಕೋರ. ಇದರಾಗ ಒಂದ ದಿನಾನೂ ಬೆಂಕಿ ಹಚ್ಚಿಲ್ರಿ."

"ಒರಸಿ ಹೋಗಿರಬೇಕು."

"ಒರಸಿ ಹೋಗೂದಲ್ರೀ ಅದು. ಮ್ಯಾಲ ಹೊಗಿ ಹೋಗಾಕ ದಾರಿನೂ ಇಲ್ಲ. ಇತ್ತು, ಮುಚ್ಚ್ಯಾರ ಅನ್ನಾಕ ಗುರುತನೂ ಇಲ್ಲ." ಅವರು ಸುತ್ತಿಗೆಯಿಂದ ಪಕ್ಕದ ಗಿಲಾವಿಗೆ ಮೆಲ್ಲಗೆ ಬಡಿದರು. ಒಂದು ಚಪ್ಪಡಿ ಕಳಚಿ ಬಿತ್ತು. ಒಳಗೆ ಕಪ್ಪಗಿನ, ನೆಟ್ಟಗೆ ನಿಂತ ಮರದ ತೋಳು ಕಂಡಿತು. ಮೇಲೆ ಇನ್ನೆರಡು ಕಡೆ ಬಡಿದರು. ಅಡ್ಡ ತೊಲೆ ಕಂಡಿತು. "ಇದು ಒಲಿ ಅಲ್ರೀ ಅಕ್ಕೋರ. ಬಾಗಲಾ. ಆ ಕಡಿಂದ ಗ್ವಾಡಿ ಇಟ್ಟು ಮುಚ್ಚ್ಯಾರ. ಈ ಕಡೆ ಮ್ಯಾಲ ಅರ್ಧ ಇಟಗಿ ತುಂಬಿ, ಕೆಳಗ ಅರ್ಧ ಹಂಗ ಬಿಟ್ಟು ಚೌಕಟ್ಟು ಬಡದಾರ."

ನಾನು ತಿರುಗಿ ನೋಡಿದೆ. ಕಸ್ತೂರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ನಿನಗ ಗೊತ್ತಿತ್ತು?"

"ಹೌದ್ರಿ."

ಮೌಲಾಸಾಬರು ಬೀಡಿಯ ನೆಪದಲ್ಲಿ ಹೊರಗೆ ಹೋದರು. ನಾವಿಬ್ಬರೂ ಬಿದ್ದ ಗಿಲಾವಿನ ನಡುವೆಯೇ ಕುಳಿತೆವು. ಕಸ್ತೂರಿ ಹೇಳಿದಳು.

"ಅಪ್ಪಾಂದೂ ಕಾಕಾಂದೂ ಜಗಳಾಗಿ ಮನಿ ಪಾಲಾದಾಗ ಈ ಬಾಗಲಾ ಮುಚ್ಚಿದ್ರಿ. ನಡಬರಕ, ಪಡಸಾಲಿಗೆ ಕಾಲಿಟ್ಟರ ಇದ ಕಣ್ಣಿಗೆ ಬೀಳತಿತ್ತು. ಬನಹಟ್ಟಿಯವರು ಮನಿ ನೋಡಾಕ ಬರತಾರ ಅಂತ ಸುದ್ದಿ ಬಂದ ಕೂಡ್ಲೆ ಅವ್ವ ಅಳಾಕ ಹತ್ತಿದಳು. ಅಣ್ಣತಮ್ಮರು ಮಾರಿ ನೋಡಲಾರದ ಮನಿಗೆ ಯಾರು ಹೆಣ್ಣ ಕೊಡತಾರ ಅಂತ. ಯಾವುದೋ ಹಳೇ ಬಂಗ್ಲೆ ಕೆಡವಾಕತ್ತಿದ್ದರು. ಅಣ್ಣ ಅಲ್ಲಿ ಹೋಗಿ ಈ ಚೌಕಟ್ಟು ಎತ್ತಿಸಿಕೊಂಡು ಬಂದ. ಮ್ಯಾಲ ಇಟಗಿ ತುಂಬಿ ಗಿಲಾವು ಮಾಡಿದ. ಚೌಕಟ್ಟು ನಾ ಹಿಡಕೊಂಡೆ, ಅಂವ ಮೊಳಿ ಬಡದ."

"ಮತ್ತ ಆ ಸಾಹೇಬರ ಹೆಂಡ್ತಿ? ಚಳಿಜ್ವರ?"

"ಅಕಿನ್ನ ಅಣ್ಣ ಮೊಳಿ ಬಡಕೋತ ಹುಟ್ಟಿಸಿದ್ರಿ."

ನನ್ನ ಮುಖ ಹೇಗಾಯಿತೋ ಗೊತ್ತಿಲ್ಲ. ಕಸ್ತೂರಿ ತಡೆದುಕೊಂಡಿದ್ದ ನಗು ಒಡೆದು ಹೊರಗೆ ಬಂತು. ನನಗೂ ಬಂತು. ಮೂವತ್ತು ವರ್ಷ ನನ್ನ ಕೈಯಲ್ಲಿ ಕಲಿತ ಮಕ್ಕಳು ಈಗ ಎಲ್ಲೆಲ್ಲಿದ್ದಾರೋ, ಎಷ್ಟು ಜನ ತಮ್ಮ ಮಕ್ಕಳಿಗೆ ಪಿಟೀಲು ನುಡಿಸುವ ಬಾಯಿಯ ಕಥೆ ಹೇಳುತ್ತಿದ್ದಾರೋ, ಯಾರನ್ನು ಹುಡುಕಿ ತಿದ್ದಲಿ? ನಕ್ಕು ನಕ್ಕು ಸಾಕಾದ ಮೇಲೆ ಒಂದು ಮಾತು ಎದೆಯಲ್ಲಿ ಚುಚ್ಚಿತು.

"ಕಸ್ತೂರಿ, ಆವತ್ತು ನಾ ಒಲ್ಲೆ ಅಂದಾಗ ಹೇಳಬೇಕಿಲ್ಲೇನ? ಒಂದ ಮಾತು ಹೇಳಿದ್ದರ ನಾನ ಕಿತ್ತು ಒಗೀತಿದ್ದೆ. ಗಂಟು ಕಟಗೊಂಡು ಹೊಂಟಿ, ಆದರ ಹೇಳಲಿಲ್ಲ."

ಅವಳು ಗಿಲಾವಿನ ಒಂದು ತುಂಡನ್ನು ಬೆರಳಿನಿಂದ ಪುಡಿ ಮಾಡುತ್ತ ಕುಳಿತಳು. "ಅಣ್ಣ ಇದ್ದಾಗ ಹೇಳಿದ್ದರ ನಡೀತಿತ್ತು ವೈನಿ. ನೀವು ಬೈತಿದ್ರಿ, ಅಂವ ನಗತಿದ್ದ, ಮುಗೀತಿತ್ತು. ಈಗ ಅಂವ ಇಲ್ಲ. ಇಲ್ಲದವರ ಮಾತು ಹಿಂದಿಂದ ಹೆಂಗ ಹೇಳೂದ್ರಿ?"

ನಾನು ಎದ್ದು ಹೋಗಿ ಮೌಲಾಸಾಬರನ್ನು ಒಳಗೆ ಕರೆದೆ.

ಆಮೇಲಿನ ನಾಲ್ಕು ದಿನ ಕೆಲಸ ನಡೆಯಿತು. ಬಾಗಿಲಿನ ಮರಕ್ಕೆ ಶಾಖ ತಾಗಬಾರದೆಂದು ಮೌಲಾಸಾಬರು ಅದನ್ನು ಬಿಚ್ಚಿ ತೆಗೆದರು. ಗೂಡಿನ ಸುತ್ತ ಇಟ್ಟಿಗೆಯ ಇನ್ನೊಂದು ಸುತ್ತು ಕಟ್ಟಿ, ಕೆಂಪು ಮಣ್ಣಿನಲ್ಲಿ ಮೆತ್ತಿದರು. ಮುಂದೆ ಕೂಡಲು ಕಡಪಾ ಕಲ್ಲು ಹಾಕಿದರು. ತಗಡಿನ ಕೊಳವೆಯನ್ನು ಗೋಡೆಗುಂಟ ಏರಿಸಿ ಮಾಳಿಗೆಯ ಬೆಳಕಿಂಡಿಯಿಂದ ಹೊರಗೆ ಬಿಟ್ಟರು. ಕಬ್ಬಿಣದ ಒಲೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಆ ನಾಲ್ಕು ದಿನವೂ ನಾನು ನಮ್ಮ ಮನೆಯವರ ಮೇಲೆ ಸಿಟ್ಟು ಮಾಡಲು ನೋಡಿದೆ. ಹೋದವರ ಮೇಲೆ ಸಿಟ್ಟು ಮಾಡುವುದು ಸುಲಭವಲ್ಲ. ಅವರು ತಿರುಗಿ ಬೈಯುವುದಿಲ್ಲ, ಊಟ ಬಿಟ್ಟು ಏಳುವುದಿಲ್ಲ. ಎಣ್ಣೆಯ ಬಟ್ಟೆ ಹಿಡಿದು ಆ ಸುಳ್ಳನ್ನು ಪ್ರತಿ ರವಿವಾರ ಒರೆಸುತ್ತ ಕುಳಿತಿದ್ದ ಮನುಷ್ಯನೇ ಕಣ್ಣ ಮುಂದೆ ಬರುತ್ತಿದ್ದರು. ನಲವತ್ತು ವರ್ಷ ಒಂದು ಸುಳ್ಳನ್ನು ಹೊಳೆಯುವಂತೆ ಇಟ್ಟುಕೊಳ್ಳುವುದೆಂದರೆ ಸಣ್ಣ ಕೆಲಸವೇ? ಅವರ ಮೇಲಿನ ಸಿಟ್ಟು ಇಳಿಯಿತು. ಅಪ್ಪನ ನೆನಪು ಮಾತ್ರ ಬಿಡಲಿಲ್ಲ.

ಒಲೆ ಹೊತ್ತಿಸಿದ ಬೆಳಿಗ್ಗೆ ಅದನ್ನು ಕಸ್ತೂರಿಗೆ ಹೇಳಿಯೂ ಬಿಟ್ಟೆ. ಅವಳು ಕಡಪಾ ಕಲ್ಲಿನ ಮೇಲೆ ಕುಳಿತು ಬಿಸಿ ನೀರು ಹಾಕಿ ಹಿಟ್ಟು ನಾದುತ್ತಿದ್ದಳು. ನನ್ನ ಪಾಲಿಗೆ ಉರಿ ನೋಡಿಕೊಳ್ಳುವ ಕೆಲಸ. ಮೊದಲು ಹೊಗೆ ಒಂದಿಷ್ಟು ಪಡಸಾಲೆಗೇ ಬಂತು. ಆಮೇಲೆ ಕೊಳವೆ ಬಿಸಿಯಾಗಿ ಎಳೆದುಕೊಳ್ಳತೊಡಗಿತು. ಹತ್ತಿಕಟ್ಟಿಗೆ ಚಟಪಟ ಎನ್ನುತ್ತಿತ್ತು.

"ನಮ್ಮ ಅಪ್ಪಗ ಹಂಗ ಮಾಡಬಾರದಿತ್ತು ಕಸ್ತೂರಿ," ಎಂದೆ. "ಭೋಳೆ ಮನಷಾ. ನೇಯೂವಾಗ ಕತ್ತಲದಾಗ ಒಂದು ಎಳಿ ಹರದರೂ ಬೆರಳಿಗೆ ಗೊತ್ತಾಗತಿತ್ತು. ಇದೊಂದು ಗೊತ್ತಾಗಲಿಲ್ಲ. ಓಣಿ ತುಂಬ ಹೇಳಿಕೋತ ಅಡ್ಡಾಡಿದ."

ಕಸ್ತೂರಿಯ ಕೈ ಹಿಟ್ಟಿನಲ್ಲೇ ನಿಂತಿತು.

"ನಿಮ್ಮ ಅಪ್ಪಾರಿಗೆ ಗೊತ್ತಿತ್ರಿ ವೈನಿ."

"ಏನ ಗೊತ್ತಿತ್ತು?"

"ಮನಿ ನೋಡಾಕ ಬಂದ ದಿವಸ ಎಲ್ಲಾರೂ ಒಳಗ ಅವಲಕ್ಕಿ ತಿನಕೋತ ಕುಂತಿದ್ದರು. ನಿಮ್ಮ ಅಪ್ಪಾರು ಕೈ ತೊಳಕೊಂಡು ಒಬ್ಬರ ಇಲ್ಲಿ ಬಂದು ನಿಂತರು. ಕಂಬದ ಮ್ಯಾಲ ಬೆರಳ ಆಡಿಸಿದರು. ಸೀರಿ ಅಂಚು ನೋಡತಾರಲ್ರಿ, ಹಂಗ. ಆಮ್ಯಾಲ ಹಲಗಿ ಹಿಂದ ಕೈ ಹಾಕಿದರು. ಗಿಲಾವು ಇನ್ನೂ ಹಸಿ ಇತ್ತು, ಬೆರಳಿಗೆ ಹತ್ತಿತು. ನಾ ಬಾಗಲ ಸಂದ್ಯಾಗ ನಿಂತಿದ್ದೆ. ಕರದರು. 'ಇದನ್ನ ಯಾವಾಗ ಕೂಡಿಸಿದ್ರಿ ತಂಗಿ?' ಅಂದರು. ನನಗ ಸುಳ್ಳು ಬರಲಿಲ್ರಿ. 'ನಿನ್ನಿ' ಅಂದೆ."

ನಾನು ಕಟ್ಟಿಗೆ ಹಿಡಿದುಕೊಂಡೇ ಕುಳಿತೆ.

"'ಯಾರು ಬಡದರು?' ಅಂದರು. 'ಅಣ್ಣ' ಅಂದೆ. 'ನಿಮ್ಮಣ್ಣಗ ನಮ್ಮ ಹುಡಗಿ ಅಷ್ಟು ಮನಸಿಗೆ ಬಂದಾಳೇನ?' ಅಂದರು. ನಾ ಗೋಣು ಹಾಕಿದೆ. ನಕ್ಕರು. ಬೆರಳು ಧೋತರಕ್ಕ ಒರಸಿಕೊಂಡು, 'ನಾ ಕೇಳಿದ್ದು ಯಾರ ಮುಂದೂ ಅನಬ್ಯಾಡ' ಅಂತ ನನ್ನ ತಲಿ ಮ್ಯಾಲ ಕೈ ಇಟ್ಟರು. ಒಳಗ ಹೋಗಿ ಅಪ್ಪನ ಮುಂದ ಕುಂತು, ಇಂಥಾ ಒಲಿ ನಾ ಎಲ್ಲೂ ನೋಡಿಲ್ರಿ ಅಂದರು."

ಅಷ್ಟು ಹೇಳಿ ಅವಳು ಹಿಟ್ಟಿನ ಉಂಡೆ ಹಿಡಿದು ಬಡಿಯತೊಡಗಿದಳು. ಹದಿಮೂರರ ಹುಡುಗಿಯ ಕೈಯಲ್ಲಿ ಅವಳ ಅಣ್ಣ ಒಂದು ಗುಟ್ಟು ಇಟ್ಟಿದ್ದರು, ನಮ್ಮ ಅಪ್ಪ ಒಂದು, ಆಮೇಲೆ ನಾನೊಂದು. ಮೂವರೂ ಯಾರಿಗೂ ಹೇಳಬೇಡ ಎಂದಿದ್ದೆವು. ಅವಳು ಯಾರಿಗೂ ಹೇಳಿರಲಿಲ್ಲ.

"ವೈನಿ, ಹಂಚು ಭಾಳ ಕಾದೈತಿ. ಕಟಿಗಿ ಒಂದೀಟು ಹೊರಗ ಎಳೀರಿ."

ಎಳೆದೆ. ಹೊಗೆಯೆಲ್ಲ ಕೊಳವೆಯಲ್ಲಿ ನೆಟ್ಟಗೆ ಮೇಲೆ ಹೋಗುತ್ತಿತ್ತು. ಕಣ್ಣೊರೆಸಿಕೊಳ್ಳಲು ಹೊಗೆಯ ನೆಪ ಹೇಳುವಂತೆಯೂ ಇರಲಿಲ್ಲ.